ಚಿಹ್ನೆ ಬಂತು, ಅಕ್ಷರ ಹಿಂದೆ ಉಳಿಯಿತು

ಆಧುನಿಕ ಗ್ರಾಫಿಕ್ ವಿನ್ಯಾಸದ ಚರಿತ್ರೆ ಬರೆಯುವವರೆಲ್ಲ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತಾರೆ. 1919ರಲ್ಲಿ ಜರ್ಮನಿಯ ವೈಮಾರ್‌ನಲ್ಲಿ ಶುರುವಾದ ಬೌಹೌಸ್ ಶಾಲೆ, ಅದರ ಬೆನ್ನಿಗೆ ಸ್ವಿಸ್ ಶೈಲಿ, ಆಮೇಲೆ ಉಲ್ಮ್ ನಗರದ ಶಾಲೆ, ಅಲ್ಲಿಂದ 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಕೊನೆಗೆ ಮುಂಬೈ, ಬೆಂಗಳೂರುಗಳ ಜಾಹೀರಾತು ಕಂಪನಿಗಳು. ಭೀಮೆ, ಡೋಣಿ, ಕೃಷ್ಣೆಯರ ಸೀಮೆಗೆ ಈ ದಾರಿ ಹಾಯುವುದೇ ಇಲ್ಲ. ಅಲ್ಲಿನ ವಿಜಯಪುರ ಜಿಲ್ಲೆಯ ತಾಲ್ಲೂಕುಗಳಾದ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹೆಸರುಗಳನ್ನು ಯಾವ ವಿನ್ಯಾಸ ಪಠ್ಯದಲ್ಲೂ ಹುಡುಕಬೇಕಾಗಿಲ್ಲ.

ಹಾಗಾದರೆ ಈ ಸೀಮೆಗೆ ಆಧುನಿಕ ದೃಶ್ಯ ಸಂವಹನ ಬರಲೇ ಇಲ್ಲವೇ? ಬಂದಿದ್ದರೆ ಯಾರ ಕೈಯಿಂದ ಬಂತು, ಎಷ್ಟು ಬಂತು, ಬಂದದ್ದರಲ್ಲಿ ಏನು ಉಳಿದಿದೆ? ಈ ಪ್ರಶ್ನೆಯನ್ನು ಇಡಿಯಾಗಿ ನೋಡುವ ಪ್ರಯತ್ನ ಇಲ್ಲಿದೆ. ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ, ಕೊಲ್ಹಾರಗಳು ಈಗ ಬೇರೆ ತಾಲ್ಲೂಕುಗಳಾಗಿದ್ದರೂ ಅನುಕೂಲಕ್ಕಾಗಿ ಹಳೆಯ ಗಡಿಗಳನ್ನೇ ಇಟ್ಟುಕೊಂಡಿದ್ದೇನೆ. ನನ್ನ ಮಾತಿನ ಸಾರ ಇಷ್ಟು: ಆಧುನಿಕ ವಿನ್ಯಾಸದಲ್ಲಿ ಎರಡು ಭಾಗಗಳಿವೆ, ಚಿಹ್ನೆ ಮತ್ತು ಅಕ್ಷರ. ಚಿಹ್ನೆ ಸರ್ಕಾರದ ಕೈಯಿಂದ ಬೇಗ ಬಂತು, ಪೂರ್ತಿಯಾಗಿ ಬಂತು. ಅಕ್ಷರದ ಹೊಣೆಯನ್ನು ಮಾತ್ರ ಯಾರೂ ಹೊರಲಿಲ್ಲ. ಊರೂರಿನ ಪೇಂಟರುಗಳು ಅದನ್ನು ತಮಗೆ ತಿಳಿದಂತೆ ನಿಭಾಯಿಸಿದರು. ಅವರ ಕುಂಚ ಕೆಳಗಿಳಿದ ಮೇಲೆ ಆ ಜಾಗ ಇನ್ನೂ ತುಂಬಿಲ್ಲ.

ಹೊರಗೆ ನಡೆದದ್ದು

ಮೊದಲ ಮಹಾಯುದ್ಧದ ನಂತರ ಯುರೋಪಿನಲ್ಲಿ ಅಚ್ಚಿನ ಪುಟದ ಚಹರೆ ಬದಲಾಯಿತು. ಅಂಚಿನ ಬಳ್ಳಿ, ಮೂಲೆಯ ಹೂವು, ಅಕ್ಷರದ ಬಾಲ ಯಾವುದೂ ಬೇಡ, ಹೇಳಬೇಕಾದದ್ದು ಮೊದಲ ನೋಟಕ್ಕೆ ತಿಳಿಯಬೇಕು ಎಂಬುದು ಹೊಸಬರ ಹಟವಾಗಿತ್ತು. ಬೌಹೌಸಿನ ಹರ್ಬರ್ಟ್ ಬೇಯರ್ 1925ರಲ್ಲಿ ವೃತ್ತ ಮತ್ತು ಸರಳರೇಖೆಗಳಿಂದಲೇ ಒಂದು ಅಕ್ಷರಮಾಲೆ ಕಟ್ಟತೊಡಗಿದ. ಅದರಲ್ಲಿ ದೊಡ್ಡಕ್ಷರಗಳಿಗೆ ಜಾಗವೇ ಇರಲಿಲ್ಲ. ಯಾನ್ ಚಿಹೋಲ್ಡ್ 1928ರಲ್ಲಿ ಹೊಸ ಮುದ್ರಣ ಕ್ರಮಕ್ಕೆ ಕೈಪಿಡಿ ಬರೆದ. ಅತ್ತ ವಿಯೆನ್ನಾದಲ್ಲಿ ಓಟ್ಟೋ ನ್ಯೂರಾತ್ ಎಂಬ ಸಮಾಜಶಾಸ್ತ್ರಿ 1925ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದು, ಜನಸಂಖ್ಯೆ, ಬೆಳೆ, ಕೂಲಿಯಂಥ ಅಂಕಿಸಂಖ್ಯೆಗಳನ್ನು ಪುಟ್ಟ ಆಕೃತಿಗಳ ಸಾಲಿನಲ್ಲಿ ತೋರಿಸುವ ಪದ್ಧತಿ ಬೆಳೆಸಿದ. ಗೆರ್ಡ್ ಆರ್ನ್ಟ್ಸ್ ಆ ಆಕೃತಿಗಳಿಗೆ ರೂಪ ಕೊಟ್ಟ. ಮುಂದೆ ಅದಕ್ಕೆ ಐಸೊಟೈಪ್ ಎಂದು ಹೆಸರಾಯಿತು. ಇಂದು ಆಸ್ಪತ್ರೆ, ವಿಮಾನ ನಿಲ್ದಾಣ, ಮೊಬೈಲುಗಳಲ್ಲಿ ಕಾಣುವ ಚಿತ್ರಸಂಕೇತಗಳ ವಂಶಾವಳಿಯಲ್ಲಿ ಅದು ದೊಡ್ಡ ಹೆಸರು. 1957ರಲ್ಲಿ ಸ್ವಿಟ್ಜರ್‌ಲೆಂಡಿನಿಂದ ಮುಂದೆ ಹೆಲ್ವೆಟಿಕಾ ಎಂದು ಹೆಸರಾದ ಅಕ್ಷರ ಬಂತು. ಅದೇ ವರ್ಷ ಸ್ವಿಸ್ ವಿನ್ಯಾಸಕ ಅಡ್ರಿಯನ್ ಫ್ರುಟಿಗರ್‌ನ ಯೂನಿವರ್ಸ್, ತೆಳುವಿನಿಂದ ದಪ್ಪದವರೆಗೆ 21 ಬಗೆಗಳ ಒಂದು ಕುಟುಂಬವಾಗಿ ಹೊರಬಿತ್ತು.

ನ್ಯೂರಾತ್‌ನ ಕವಲು ಓದು ಬಾರದವರನ್ನೂ ಸೇರಿಸಿಕೊಂಡು ಹೊರಟಿತ್ತು. ಬೇಯರ್, ಚಿಹೋಲ್ಡ್, ಫ್ರುಟಿಗರ್ ಅವರದು ಓದು ಬಂದವರ ಕಣ್ಣಿಗೆ ಕೆಲಸ ಹಗುರ ಮಾಡುವ ಕವಲು. ಭಾರತಕ್ಕೆ ಇವೆರಡೂ ಬಂದವು, ಬೇರೆಬೇರೆ ಬಾಗಿಲಿನಿಂದ. 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಬೌಹೌಸ್ ಕಲಾವಿದರ ಪ್ರದರ್ಶನ ನಡೆಯಿತಾದರೂ ಅದರ ಸದ್ದು ಚಿತ್ರಕಾರರ ವಲಯದಲ್ಲೇ ಉಳಿಯಿತು. ಮುಂಬೈಯ ಜೆ. ಜೆ. ಕಲಾಶಾಲೆ 1935ರಲ್ಲಿ ವಾಣಿಜ್ಯ ಕಲೆಯ ವಿಭಾಗ ತೆರೆಯಿತು. 1958ರಲ್ಲಿ ಅಮೆರಿಕದ ಈಮ್ಸ್ ದಂಪತಿ ಕೇಂದ್ರ ಸರ್ಕಾರಕ್ಕೆ ವರದಿ ಕೊಟ್ಟರು. ಅದರಲ್ಲಿ ಅವರು ಭಾರತದ ಉತ್ತಮ ವಿನ್ಯಾಸವೆಂದು ಎತ್ತಿ ಹಿಡಿದದ್ದು ನಮ್ಮ ತಂಬಿಗೆಯನ್ನು. ಮೂರು ವರ್ಷದಲ್ಲಿ ಅಹಮದಾಬಾದಿನ ಸಂಸ್ಥೆ ತಲೆಯೆತ್ತಿತು.

ಕಲ್ಲು, ಓಲೆ, ಮೋಡಿ

ವಿಜಯಪುರ ಸೀಮೆ ಅಕ್ಷರಕ್ಕೆ ಹೊಸದಲ್ಲ. ಇಂಡಿ ತಾಲ್ಲೂಕಿನ ಸಾಲೋಟಗಿಯ ಕಂಬದ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ವಿದ್ಯಾಶಾಲೆಗೆ ಬಿಟ್ಟ ದತ್ತಿಗಳ ಮಾತು ಅದರಲ್ಲಿದೆ. ಕಲ್ಯಾಣ ಚಾಲುಕ್ಯರ ಕಾಲದ ಗುಂಡು ಅಕ್ಷರಗಳ ಶಾಸನಗಳು ಈ ತಾಲ್ಲೂಕುಗಳ ಗುಡಿಗಳಲ್ಲಿ ಉದ್ದಕ್ಕೂ ಸಿಗುತ್ತವೆ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಅರಬ್ಬಿ ಅಕ್ಷರಗಳನ್ನೇ ಕಿಟಕಿಯ ಜಾಲಂದ್ರವಾಗಿ ಕೊರೆದಿದ್ದಾರೆ. ಅಲ್ಲಿ ಓದುವ ವಸ್ತು, ನೋಡುವ ವಸ್ತು, ಬೆಳಕು ಬಿಡುವ ವಸ್ತು ಮೂರೂ ಒಂದೇ.

ವಿನ್ಯಾಸದ ದೃಷ್ಟಿಯಿಂದ ಇವೆಲ್ಲಕ್ಕಿಂತ ಕುತೂಹಲದ್ದು ತಾಳೆಗರಿ. ಓಲೆಯ ಮೇಲೆ ಕಂಟದಿಂದ ಕೊರೆದ ಗೆರೆಗೆ ದಪ್ಪ, ತೆಳು ಎಂಬ ಭೇದವಿಲ್ಲ. ಅಡ್ಡಗೆರೆ ಬಿಗಿಯಾಗಿ ಎಳೆದರೆ ಗರಿ ಸೀಳುತ್ತದೆ, ಅದಕ್ಕೇ ಅಕ್ಷರ ಗುಂಡಗೆ ತಿರುಗುತ್ತದೆ. ಯುರೋಪಿನವರು ನೂರಾರು ವರ್ಷ ದಪ್ಪ-ತೆಳುವಿನ ಅಕ್ಷರ ಬರೆದು, ಕೊನೆಗೆ ಸಿದ್ಧಾಂತ ಮಾಡಿಕೊಂಡು ತಲುಪಿದ ಏಕರೇಖೆಯ ಅಕ್ಷರ ನಮ್ಮ ಮಠಗಳ ಓಲೆಕಟ್ಟುಗಳಲ್ಲಿ ಆಗಲೇ ಇತ್ತು. ಕಾರಣ ಮಾತ್ರ ಬೇರೆ: ಅವರದು ಸಿದ್ಧಾಂತ, ನಮ್ಮದು ಗರಿಯ ಗುಣ. ಕನ್ನಡಕ್ಕೆ ದಪ್ಪ-ತೆಳು ಗಟ್ಟಿಯಾಗಿ ಅಂಟಿದ್ದು ಸೀಸದ ಮೊಳೆಗಳಿಂದ. ದೊಡ್ಡಕ್ಷರ, ಸಣ್ಣಕ್ಷರಗಳ ಜಗಳವಂತೂ ನಮಗೆ ಸಂಬಂಧಿಸಿದ್ದೇ ಅಲ್ಲ.

ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಮುಂಬೈ ಆಡಳಿತಕ್ಕೆ ಸೇರಿದ್ದ ಈ ಭಾಗದಲ್ಲಿ ಕಚೇರಿಯ ಬರವಣಿಗೆ ಬಹುಕಾಲ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ನಡೆದಿತ್ತು. ಶಾಸನಗಳ ಕಾಲದ ನಂತರ ಕನ್ನಡ ಅಕ್ಷರ ಇಲ್ಲಿನ ಬೀದಿಗೆ, ಅಂಗಡಿಗೆ, ಕಚೇರಿಯ ಬಾಗಿಲಿಗೆ ಮರಳಿ ಬಂದದ್ದು ಈಚಿನ ಸಂಗತಿ. ಹಳೇ ಮೈಸೂರಿನಲ್ಲಿ ಅರಮನೆಯ ಆಶ್ರಯದಲ್ಲಿ ಬೆಳೆದ ಬೋರ್ಡುಗಳ ಪರಂಪರೆ ಇಲ್ಲಿ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ವಿಜಯಪುರದ ಛಾಪಖಾನೆ

ಈ ಸೀಮೆಯ ಅಚ್ಚಿನ ಕತೆ ಫ. ಗು. ಹಳಕಟ್ಟಿಯವರಿಂದ ಶುರುವಾಗುತ್ತದೆ. ಧಾರವಾಡದಲ್ಲಿ ಹುಟ್ಟಿ (1880) ವಿಜಯಪುರದಲ್ಲಿ ವಕೀಲಿ ಮಾಡಿದ ಅವರು ಮನೆಮನೆ, ಮಠಮಠ ಅಲೆದು ಓಲೆಗರಿಗಳನ್ನು ಕೂಡಿಹಾಕಿದರು. ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಪ್ರತಿಯೊಂದು ಪುಸ್ತಕಕ್ಕೂ ಬೇರೆ ಊರಿನ ಛಾಪಖಾನೆಯ ಬಾಗಿಲು ತಟ್ಟುವುದು ಸಾಕೆನಿಸಿ 1925ರಲ್ಲಿ ವಿಜಯಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಪತ್ರಿಕೆಗಳು ಬಂದವು. ಬೌಹೌಸ್ ದೆಸ್ಸೌಗೆ ಹೋದ ವರ್ಷವೂ, ಹಿತಚಿಂತಕದ ಯಂತ್ರ ತಿರುಗತೊಡಗಿದ ವರ್ಷವೂ ಒಂದೇ. ಅವೆರಡಕ್ಕೂ ಪರಸ್ಪರ ಗೊತ್ತಿರಲಿಲ್ಲ. ಗೊತ್ತಿದ್ದರೂ ಹಳಕಟ್ಟಿಯವರ ಮುಂದಿದ್ದ ಸಮಸ್ಯೆ ಬೇರೆಯೇ.

ಆ ಸಮಸ್ಯೆ ಏನೆಂದರೆ, ಓಲೆಯಲ್ಲಿ ವಚನ ಬಿಡುವಿಲ್ಲದೆ ಹರಿಯುತ್ತದೆ. ಪದಗಳ ನಡುವೆ ಜಾಗವಿಲ್ಲ, ಸಾಲು ಮುರಿಯುವುದಿಲ್ಲ, ಒಂದು ವಚನ ಮುಗಿದು ಇನ್ನೊಂದು ಶುರುವಾದದ್ದು ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಅದನ್ನು ಅಚ್ಚಿಗೆ ತರುವಾಗ ಪದ ಬಿಡಿಸಬೇಕು, ವಿಷಯವಾರು ವಿಂಗಡಿಸಬೇಕು, ತಲೆಬರಹ ಕೊಡಬೇಕು, ಒಂದೊಂದು ವಚನವೂ ಪುಟದಲ್ಲಿ ಬೇರೆಯಾಗಿ ನಿಲ್ಲಬೇಕು. ಇದನ್ನು ನಾವು ಸಂಪಾದನೆ ಎನ್ನುತ್ತೇವೆ. ಆದರೆ ಇದು ಪುಟ ವಿನ್ಯಾಸವೂ ಹೌದು. ಇಂದು ವಚನವೆಂದರೆ ಸಾಲು ಮುರಿದು, ಅಂಕಿತ ಕೊನೆಗೆ ಬಂದು ನಿಲ್ಲುವ ಒಂದು ಆಕಾರ ಕಣ್ಣಿಗೆ ಬರುತ್ತದೆ. ಆ ಆಕಾರ ಹನ್ನೆರಡನೆಯ ಶತಮಾನದ್ದಲ್ಲ, ಅಚ್ಚಿನ ಕಾಲದ್ದು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಮಾತು ಇಂದಿನ ಕನ್ನಡಿಗರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದರಲ್ಲಿ ವಚನಗಳನ್ನು ಅಚ್ಚಿಗೆ ಇಳಿಸಿದವರ ಪಾಲು ದೊಡ್ಡದು.

ಛಾಪಖಾನೆಯ ಮಿತಿಯನ್ನೂ ಹೇಳಬೇಕು. ಕನ್ನಡಕ್ಕೆ ಕಾಗುಣಿತ, ಒತ್ತು ಸೇರಿ ನೂರಾರು ಮೊಳೆಗಳು ಬೇಕು. ಸಣ್ಣ ಊರಿನ ಪ್ರೆಸ್ಸಿನವರು ಒಂದೆರಡು ಗಾತ್ರ ಕೊಂಡರೇ ಕೈ ಬರಿದಾಗುತ್ತಿತ್ತು. ಯೂನಿವರ್ಸ್ 21 ಬಗೆಗಳಲ್ಲಿ ಬಂದ ಕಾಲಕ್ಕೆ ನಮ್ಮ ತಾಲ್ಲೂಕು ಪ್ರೆಸ್ಸುಗಳ ಲಗ್ನಪತ್ರಿಕೆ, ಪಾವತಿ ಪುಸ್ತಕ, ಜಾತ್ರೆ ನಾಟಕದ ಕರಪತ್ರ ಎಲ್ಲವೂ ಅದೇ ಒಂದೆರಡು ಗಾತ್ರಗಳಲ್ಲಿ ನಡೆಯಬೇಕಿತ್ತು. ನಾಟಕದ ಕರಪತ್ರಕ್ಕೆ ಕೆಂಪು, ಹಸಿರು, ಗುಲಾಬಿ ಬಣ್ಣದ ತೆಳು ಕಾಗದ ಬಳಸಿದ್ದು ಇದೇ ಬಡತನದ ಜಾಣ್ಮೆ. ಅಕ್ಷರದಲ್ಲಿ ವೈವಿಧ್ಯ ತರಲಾಗದಿದ್ದರೆ ಕಾಗದದಲ್ಲಾದರೂ ತರೋಣ ಎಂದು.

ಜೋಡೆತ್ತು, ಕೆಂಪು ತ್ರಿಕೋನ, ಹಳದಿ ಕಲ್ಲು

ಚಿಹ್ನೆಯ ಕತೆ ಇದಕ್ಕೆ ಪೂರ್ತಿ ವಿರುದ್ಧ. 1951–52ರ ಮೊದಲ ಮಹಾಚುನಾವಣೆಯಲ್ಲಿ ದೇಶದ ಮತದಾರರು 17 ಕೋಟಿಗೂ ಹೆಚ್ಚು, ಅವರಲ್ಲಿ ಬಹುಪಾಲಿಗೆ ಓದು ಬಾರದು. ಚುನಾವಣಾ ಆಯೋಗ ಕಂಡುಕೊಂಡ ದಾರಿ ಸರಳ: ಪ್ರತಿ ಅಭ್ಯರ್ಥಿಗೂ ಒಂದು ಪೆಟ್ಟಿಗೆ, ಪ್ರತಿ ಪೆಟ್ಟಿಗೆಗೂ ಒಂದು ಚಿತ್ರ. ಮತದಾರ ಪರದೆಯ ಹಿಂದೆ ಹೋಗಿ ತನಗೆ ಬೇಕಾದ ಚಿತ್ರದ ಪೆಟ್ಟಿಗೆಗೆ ಚೀಟಿ ಹಾಕಿದರೆ ಆಯಿತು. ಆಗ ಮುಂಬೈ ರಾಜ್ಯದಲ್ಲಿದ್ದ ನಮ್ಮ ಜಿಲ್ಲೆಯ ಹಳ್ಳಿಗರೂ ಹೀಗೆಯೇ ಮತ ಹಾಕಿದರು. ಕಾಂಗ್ರೆಸ್ಸಿಗೆ ನೊಗ ಹೊತ್ತ ಜೋಡೆತ್ತು, ಸಮಾಜವಾದಿಗಳಿಗೆ ಆಲದ ಮರ, ಕಿಸಾನ್ ಮಜ್ದೂರ್ ಪ್ರಜಾ ಪಕ್ಷಕ್ಕೆ ಗುಡಿಸಲು, ಜನಸಂಘಕ್ಕೆ ದೀಪ. ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ ದೇಶದಾದ್ಯಂತ ಬಂದದ್ದು 1962ರಲ್ಲಿ. ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿ ಬೆರಳಿಗೆ ಹತ್ತಿದ್ದೂ ಅದೇ ಚುನಾವಣೆಯಲ್ಲಿ.

ನ್ಯೂರಾತ್ ವಿಯೆನ್ನಾದಲ್ಲಿ ಕಂಡ ಕನಸು ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇರೆಲ್ಲಿ ನಡೆಯಿತು? ಆದರೂ ವಿನ್ಯಾಸ ಚರಿತ್ರೆಗಳಲ್ಲಿ ಈ ಪೆಟ್ಟಿಗೆಗಳಿಗೆ ಸಿಕ್ಕ ಜಾಗ ಅತ್ಯಲ್ಪ. ಬಹುಕಾಲ ಆಯೋಗದ ಚಿಹ್ನೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಟ್ಟ ಎಂ. ಎಸ್. ಸೇಥಿ ಒಬ್ಬ ನಕ್ಷೆಗಾರ, ಸರ್ಕಾರಿ ನೌಕರ. ಬಾಚಣಿಗೆ, ಹೊಲಿಗೆ ಯಂತ್ರ, ಸೀಲಿಂಗ್ ಫ್ಯಾನಿನಂಥ ದಿನಬಳಕೆಯ ವಸ್ತುಗಳನ್ನು ಒಂದೇ ಗೆರೆಯಲ್ಲಿ ಗುರುತು ಸಿಗುವಂತೆ ಬರೆಯುವುದು ಅವರ ಕೆಲಸವಾಗಿತ್ತು.

ಒಂದು ವ್ಯತ್ಯಾಸವಿದೆ. ನ್ಯೂರಾತ್‌ನ ಆಕೃತಿ ಪಕ್ಷಪಾತವಿಲ್ಲದ ಸಂಕೇತ. ನಮ್ಮ ಚಿಹ್ನೆಗೆ ಬಾಯಿ ಇತ್ತು. ಡೋಣಿ ಸಾಲಿನ ಎರೆ ಹೊಲದ ರೈತನಿಗೆ ಜೋಡೆತ್ತು ಗುರುತಷ್ಟೇ ಆಗಿರಲಿಲ್ಲ, ಅವನ ಬಾಳುವೆಯೇ ಆಗಿತ್ತು. ವಿರೋಧಿಗಳಿಗೆ ಆ ಚಿತ್ರದ ವಿರುದ್ಧ ಭಾಷಣ ಮಾಡುವುದೇ ಕಷ್ಟ. 1969ರಲ್ಲಿ ಕಾಂಗ್ರೆಸ್ ಪಕ್ಷ ಒಡೆದು, ಮುಂದೆ ಆಕಳು-ಕರು, ಆಮೇಲೆ ಕೈ ಬಂದವು. ಇನ್ನೊಂದು ಪರೀಕ್ಷೆಯನ್ನೂ ಈ ಚಿಹ್ನೆಗಳು ಗೆದ್ದವು. ದಿಲ್ಲಿಯಲ್ಲಿ ಬರೆದ ಗೆರೆಯನ್ನು ಹಳ್ಳಿಯ ಹುಡುಗ ಸುಣ್ಣ, ಕೆಮ್ಮಣ್ಣು ಕಲಸಿ ಗೋಡೆಯ ಮೇಲೆ ಸೊಟ್ಟಗೆ ಬರೆದರೂ ಅದು ಅದೇ ಚಿಹ್ನೆಯಾಗಿ ಉಳಿಯಬೇಕಿತ್ತು, ಉಳಿಯಿತು. ಅನಾಡಿ ಕೈಯನ್ನೂ ತಾಳಿಕೊಳ್ಳುವ ಚಿಹ್ನೆಯೇ ಗಟ್ಟಿ ಚಿಹ್ನೆ.

ಇದೇ ಸಾಲಿನದು 1960ರ ದಶಕದ ಕೊನೆಗೆ ಬಂದ ಕುಟುಂಬ ಯೋಜನೆಯ ಕೆಂಪು ತ್ರಿಕೋನ. ಕೇಂದ್ರ ಆರೋಗ್ಯ ಇಲಾಖೆಯ ಡಿ. ಕೆ. ತ್ಯಾಗಿಯವರ ಕಲ್ಪನೆ. ತಲೆಕೆಳಗಾದ ತ್ರಿಕೋನ, ಅದರ ಜೊತೆ ತಂದೆ, ತಾಯಿ, ಎರಡು ಮಕ್ಕಳ ಮುಖ. ಅಳತೆಪಟ್ಟಿ ಹಿಡಿಯಲು ಬರುವ ಯಾರಾದರೂ ಬರೆಯಬಹುದಾದ ಆಕಾರ, ಎಲ್ಲ ಅಂಗಡಿಯಲ್ಲೂ ಸಿಗುವ ಬಣ್ಣ. ದವಾಖಾನೆಯ ಗೋಡೆಯಿಂದ ಪಂಚಾಯಿತಿ ಕಟ್ಟೆಯವರೆಗೆ ಅದು ಹರಡಿತು. ‘ಆರತಿಗೊಂದು, ಕೀರ್ತಿಗೊಂದು’ ಎಂಬ ಕನ್ನಡದ ಪ್ರಾಸ ಅದರ ಕೆಳಗೆ ಬಂದು ಕೂತಿತು. ಆದರೆ ತುರ್ತು ಪರಿಸ್ಥಿತಿಯ ಕಾಲದಲ್ಲಿ ದೇಶದ ಹಲವೆಡೆ ಒತ್ತಾಯದ ಶಸ್ತ್ರಚಿಕಿತ್ಸೆಗಳು ನಡೆದಾಗ ಅದೇ ತ್ರಿಕೋನ ಕಂಡರೆ ಜನ ಹೆದರಿದರು. ಚಿಹ್ನೆ ಎಷ್ಟು ಸ್ಪಷ್ಟವಾಗಿದ್ದರೂ ಅದರ ಹಿಂದಿರುವವರ ನಡತೆ ಕೆಟ್ಟರೆ ಆ ಸ್ಪಷ್ಟತೆಯೇ ತಿರುಗುಬಾಣವಾಗುತ್ತದೆ ಎಂಬ ಪಾಠವನ್ನು ಯುರೋಪಿನ ಕೈಪಿಡಿಗಳು ನಮಗೆ ಕಲಿಸಿರಲಿಲ್ಲ.

ರಸ್ತೆ ಮತ್ತು ರೈಲಿನ ಗುರುತುಗಳು ಸದ್ದಿಲ್ಲದೆ ಬಂದವು. ಜೇವರ್ಗಿಯಿಂದ ಸಿಂದಗಿ ಹಾಯ್ದು ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರ ಕಿಲೋಮೀಟರು ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು, ಹಳ್ಳಿ ರಸ್ತೆಯದಕ್ಕೆ ಕೇಸರಿ. ಓದು ಬಾರದ ಟ್ರ್ಯಾಕ್ಟರ್ ಚಾಲಕನೂ ತಾನು ಯಾವ ದರ್ಜೆಯ ರಸ್ತೆಯಲ್ಲಿದ್ದೇನೆಂದು ಕಲ್ಲಿನ ಬಣ್ಣದಿಂದ ಹೇಳಬಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳ ಹಳದಿ ಹಲಗೆ, ಕಪ್ಪು ಅಕ್ಷರ ಇಡೀ ದೇಶಕ್ಕೆ ಒಂದೇ. 1971ರಲ್ಲಿ ಅಹಮದಾಬಾದಿನ ಸಂಸ್ಥೆಯ ಶೇಖರ್ ಕಾಮತ್ ರೂಪಿಸಿದ ಸ್ಟೇಟ್ ಬ್ಯಾಂಕಿನ ನೀಲಿ ವೃತ್ತ ತಾಲ್ಲೂಕು ಪೇಟೆಗಳಿಗೂ ಬಂತು. ಚರಿತ್ರೆಯವರು ಹೇಳುವ ‘ಉನ್ನತ’ ವಿನ್ಯಾಸ ನಮ್ಮ ಬೀದಿಗೆ ಇಳಿದ ಕೆಲವೇ ಉದಾಹರಣೆಗಳಲ್ಲಿ ಇದೊಂದು.

ಬೋರ್ಡು ಬರೆಯುವವರು

ಇವೆಲ್ಲದರ ಸುತ್ತ ಬೇಕಾಗಿದ್ದ ಅಕ್ಷರ ಯಾರದು? ಪೇಂಟರದು. ಅಂಗಡಿ, ಶಾಲೆ, ಸೊಸಾಯಿಟಿ, ಸಿನಿಮಾ ಟಾಕೀಸು, ಬಸ್ಸು, ಟ್ರ್ಯಾಕ್ಟರಿನ ಟ್ರೇಲರ್, ಸಿಮೆಂಟು-ಗೊಬ್ಬರದ ಗೋಡೆ ಜಾಹೀರಾತು, ಚುನಾವಣೆ ಬಂದರೆ ಊರಿಗೂರೇ. ಅವರಲ್ಲಿ ಹಲವರು ಚಿತ್ರಕಲಾ ಶಿಕ್ಷಕರ ಕೈಕೆಳಗೆ ಕಲಿತವರು, ಉಳಿದವರು ಹಿರಿಯ ಪೇಂಟರಿಗೆ ಬಣ್ಣ ಕಲಸಿಕೊಟ್ಟು ಕಲಿತವರು. ಮುಂಬೈ ಆಡಳಿತದ ಕಾಲದ ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಯಲ್ಲಿ ರೇಖಾಗಣಿತದ ಜೊತೆ ಅಕ್ಷರ ಬರೆಯುವುದೂ ಒಂದು ವಿಷಯವಾಗಿತ್ತು. ಕರ್ನಾಟಕದಲ್ಲಿ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳು ಇಂದಿಗೂ ನಡೆಯುತ್ತವೆ. ತಾಲ್ಲೂಕಿನ ಮಟ್ಟಿಗೆ ವಿನ್ಯಾಸ ಶಿಕ್ಷಣವೆಂದು ಏನಾದರೂ ಇದ್ದರೆ ಅದು ಪ್ರೌಢಶಾಲೆಯ ಡ್ರಾಯಿಂಗ್ ಮಾಸ್ತರರದೇ.

ಅವರ ಕೆಲಸ ಎಷ್ಟು ಲೆಕ್ಕದ್ದು ಎಂಬುದಕ್ಕೆ ಬಸ್ಸಿನ ತಗಡಿನ ಬೋರ್ಡೇ ಸಾಕ್ಷಿ. ಗಾಜಿನ ಹಿಂದೆ ಕೂರುವ ಆ ಪಟ್ಟಿಯ ಉದ್ದ, ಅಗಲ ಎಲ್ಲ ಊರಿಗೂ ಒಂದೇ. ಹೆಸರುಗಳು ಮಾತ್ರ ಒಂದೇ ಅಳತೆಯವಲ್ಲ. ‘ಇಂಡಿ’ ಎರಡೇ ಅಕ್ಷರ, ನಡುವೆ ಒಂದು ಸೊನ್ನೆ. ಬೇಕಾದಷ್ಟು ದೊಡ್ಡದಾಗಿ ಬರೆಯಬಹುದು, ದೂರದಿಂದಲೇ ಕಾಣುತ್ತದೆ. ‘ಸಿಂದಗಿ’ ಕೂಡ ಸಲೀಸು. ಗುಡಿಸುಗಳು ಮೇಲೆ ಹೋಗುತ್ತವೆ, ಕೆಳಗೆ ಏನೂ ಇಳಿಯುವುದಿಲ್ಲ. ‘ಮುದ್ದೇಬಿಹಾಳ’ಕ್ಕೆ ಬಂದರೆ ತೊಂದರೆ ಶುರು. ದ್ದೇ ಅಕ್ಷರಕ್ಕೆ ತಲೆಯ ಮೇಲೆ ಏತ್ವ, ಪಕ್ಕದಲ್ಲಿ ದೀರ್ಘ, ಕಾಲ ಕೆಳಗೆ ಒತ್ತು. ಆ ಒಂದು ಒತ್ತಿಗೆ ಜಾಗ ಬಿಡಲು ಉಳಿದ ನಾಲ್ಕು ಅಕ್ಷರಗಳನ್ನೂ ಕುಗ್ಗಿಸಬೇಕೇ? ಅನುಭವವಿದ್ದ ಪೇಂಟರು ಕುಗ್ಗಿಸುತ್ತಿರಲಿಲ್ಲ. ಒತ್ತನ್ನು ಸಣ್ಣದು ಮಾಡಿ, ಬಲಕ್ಕೆ ಜರುಗಿಸಿ, ಪಕ್ಕದ ಬಿ ಅಕ್ಷರದ ಹೊಟ್ಟೆಯ ಕೆಳಗೆ ಸೇರಿಸಿಬಿಡುತ್ತಿದ್ದರು. ಸಾಲು ಅಲುಗುತ್ತಿರಲಿಲ್ಲ. ‘ಬಸವನ ಬಾಗೇವಾಡಿ’ ಎಂಟು ಅಕ್ಷರ. ಅದು ಪಟ್ಟಿಗೆ ಹಿಡಿಸದೆ ‘ಬ. ಬಾಗೇವಾಡಿ’ ಆಯಿತು.

ಇಂಥ ತೀರ್ಮಾನಗಳು ಸಾವಿರಾರು. ದಾರಕ್ಕೆ ಖಡುವಿನ ಪುಡಿ ಹಚ್ಚಿ ಗೋಡೆಯ ಮೇಲೆ ಚಿಮ್ಮಿ ಗೆರೆ ಎಳೆಯುವುದು, ಮೊದಲ ಮತ್ತು ಕೊನೆಯ ಅಕ್ಷರ ಇಟ್ಟುಕೊಂಡು ನಡುವಿನದನ್ನು ಹಂಚುವುದು, ಚಪ್ಪಟೆ ಕುಂಚದಿಂದ ಒಂದೇ ದಪ್ಪದ ಗೆರೆ ಎಳೆಯುವುದು, ತಲಕಟ್ಟನ್ನು ನೇರ ಪಟ್ಟಿ ಮಾಡುವುದು, ಕೆಂಪು ಅಕ್ಷರಕ್ಕೆ ಕಪ್ಪು ಶೇಡ್ ಕೊಟ್ಟು ಗೋಡೆಯಿಂದ ಎತ್ತುವುದು. ಏಕರೇಖೆ, ಸಮಾನ ಅಂತರ, ದೂರದಿಂದ ಓದುವ ಸ್ಪಷ್ಟತೆ ಎಂಬ ಬೌಹೌಸಿನವರ ಬೇಡಿಕೆಗಳನ್ನೇ ಇವರು ಬೇರೆ ಒತ್ತಡಗಳಲ್ಲಿ ಈಡೇರಿಸಿದರು. ಎನಾಮಲ್ ಬಣ್ಣ ದುಬಾರಿ, ಕೂಲಿ ಅಕ್ಷರದ ಲೆಕ್ಕ ಇಲ್ಲವೇ ಅಡಿ ಲೆಕ್ಕ, ಓದುವವನು ಓಡುವ ಬಸ್ಸಿನ ಹಿಂದೆ ಓಡುತ್ತಿರುವವನು.

ಇದನ್ನು ಬರೇ ಹೊಗಳಿಕೆಯಾಗಿ ಬಿಡಬಾರದು. ಪೇಂಟರುಗಳ ಕೆಲಸದಲ್ಲಿ ಏರುಪೇರು ಬಹಳ. ಸುಮಾರಾದವರು ಸುಮಾರಾಗಿಯೇ ಬರೆದರು. ಕಾಗುಣಿತ ತಪ್ಪಿದ ಸರ್ಕಾರಿ ಬೋರ್ಡುಗಳು ಪತ್ರಿಕೆಗಳ ನಗೆಬರಹಕ್ಕೆ ಸರಕಾದವು. ಒಬ್ಬರು ಕಂಡುಕೊಂಡ ಉಪಾಯ ಇನ್ನೊಬ್ಬರಿಗೆ ದಾಟಲು ಪುಸ್ತಕವಿರಲಿಲ್ಲ, ಶಾಲೆಯಿರಲಿಲ್ಲ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾದಾಗ ಜಿಲ್ಲೆಯ ಬೋರ್ಡುಗಳನ್ನೆಲ್ಲ ಬದಲಿಸಬೇಕಾಯಿತು. ಕೈಬರಹದ ಕೆಲಸಕ್ಕೆ ಅಂಥ ಸುಗ್ಗಿ ಹಿಂದೆಂದೂ ಬಂದಿರಲಿಲ್ಲ ಎನ್ನಬೇಕು. ಆದರೆ ಅಷ್ಟರಲ್ಲಿ ಫ್ಲೆಕ್ಸ್ ಯಂತ್ರ ತಾಲ್ಲೂಕಿಗೆ ಬಂದು ಕೂತಿತ್ತು.

ಫ್ಲೆಕ್ಸ್ ಕಾಲ

ಕನ್ನಡ ಕಂಪ್ಯೂಟರಿಗೆ ಬಂದ ದಾರಿ ಗೊತ್ತಿರುವಂಥದ್ದೇ. ಕೆ. ಪಿ. ರಾಯರ ಕೀಲಿಮಣೆ, 1998ರ ‘ಬರಹ’, ಆಮೇಲೆ ಗಣಕ ಪರಿಷತ್ತಿನ ‘ನುಡಿ’. ವಿಂಡೋಸ್ ಎಕ್ಸ್‌ಪಿಯ ಜೊತೆ ಬಂದ ‘ತುಂಗಾ’ ಅಕ್ಷರವನ್ನು ಮುಂಬೈಯ ಆರ್. ಕೆ. ಜೋಶಿಯವರ ತಂಡ ರೂಪಿಸಿತು. ಇವು ಬರೆಯುವ, ಓದುವ ಕೆಲಸಕ್ಕೆಂದು ಹುಟ್ಟಿದ ಅಕ್ಷರಗಳು. ಆದರೆ ತಾಲ್ಲೂಕಿನ ಡಿಟಿಪಿ ಅಂಗಡಿಯಲ್ಲಿ ಅವೇ ಹತ್ತಡಿ ಉದ್ದದ ಬ್ಯಾನರಿಗೂ ಬಂದವು.

ಅಲ್ಲಿ ಏನಾಗುತ್ತದೆ ನೋಡಿ. ಹೆಸರು ಬ್ಯಾನರಿನ ಅಗಲಕ್ಕೆ ಸಾಲದಿದ್ದರೆ ಮೌಸಿನಿಂದ ಎಳೆಯುತ್ತಾರೆ, ಹೆಚ್ಚಾದರೆ ಅಮುಕುತ್ತಾರೆ. ಎಳೆದರೆ ಅಡ್ಡಗೆರೆ ಹಾಗೇ ಉಳಿದು ಉದ್ದಗೆರೆ ಊದಿಕೊಳ್ಳುತ್ತದೆ. ಎದ್ದು ಕಾಣಲೆಂದು ಸುತ್ತ ಬಿಳಿ ಅಂಚು, ಅದರ ಸುತ್ತ ಕೆಂಪು ಅಂಚು. ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆ ಅಥವಾ ಸೀಳು. ಅಂಚು ದಪ್ಪವಾದಷ್ಟೂ ಆ ಸೀಳು ಮುಚ್ಚುತ್ತದೆ. ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ. ಪೇಂಟರು ಕೈಯಲ್ಲಿ ಬಗೆಹರಿಸುತ್ತಿದ್ದ ಸಮಸ್ಯೆ ಯಂತ್ರದ ಮುಂದೆ ಮತ್ತೆ ಮೊದಲಿನಂತಾಯಿತು.

ಫ್ಲೆಕ್ಸಿಗೂ ತನ್ನದೇ ವ್ಯಾಕರಣವಿದೆ, ಅದನ್ನು ಅಸಡ್ಡೆ ಮಾಡಬಾರದು. ಮೇಲೆ ಮಠದ ಶ್ರೀಗಳು, ಶರಣರು, ದೇವರು. ನಡುವೆ ಹುಟ್ಟುಹಬ್ಬದವರ ದೊಡ್ಡ ಫೋಟೊ. ಪಕ್ಕದಲ್ಲಿ ನಾಯಕರು, ಹುದ್ದೆಗೆ ತಕ್ಕ ಗಾತ್ರದಲ್ಲಿ. ಕೆಳಗೆ ‘ಶುಭ ಕೋರುವವರು’ ಎಂದು ಅಂಚೆಚೀಟಿಯಷ್ಟು ಮುಖಗಳ ಸಾಲು. ಯಾರ ಫೋಟೊ ಯಾರಿಗಿಂತ ದೊಡ್ಡದಿರಬೇಕು ಎಂಬುದರ ಮೇಲೆ ಜಗಳಗಳೇ ಆಗುತ್ತವೆ. ಊರಿನ ಅಧಿಕಾರದ ನಕ್ಷೆ ಇಷ್ಟು ನೇರವಾಗಿ ಇನ್ನೆಲ್ಲೂ ಅಚ್ಚಾಗುವುದಿಲ್ಲ. ಹೆಚ್ಚಿನದನ್ನು ತೆಗೆದು ತಿರುಳು ಉಳಿಸಬೇಕೆಂದು ಆಧುನಿಕ ವಿನ್ಯಾಸ ಹೇಳಿತು. ಫ್ಲೆಕ್ಸಿನಲ್ಲಿ ಒಬ್ಬರನ್ನೂ ತೆಗೆಯುವಂತಿಲ್ಲ. ರಾಜ್ಯ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಫ್ಲೆಕ್ಸುಗಳನ್ನು ನಿಷೇಧಿಸಿತು, ಕೇಂದ್ರ 2022ರ ಜುಲೈಯಿಂದ 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರುಗಳನ್ನು ನಿಷೇಧಿಸಿತು. ಆದೇಶಗಳಿವೆ, ಬ್ಯಾನರುಗಳೂ ಇವೆ.

ಮೂರು ವಾದಗಳು

ಈ ಇಡೀ ಬೆಳವಣಿಗೆಯ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ವಾದಗಳು ಮೂರು. ಮೊದಲನೆಯದು, ಸಣ್ಣ ಊರುಗಳಿಗೆ ವಿನ್ಯಾಸ ತಡವಾಗಿ, ಕಳಪೆಯಾಗಿ ಬಂತು ಎಂಬುದು. ಮತಪೆಟ್ಟಿಗೆಯ ಜೋಡೆತ್ತು ಇದನ್ನು ಸುಳ್ಳು ಮಾಡುತ್ತದೆ. ಚಿಹ್ನೆಯ ವಿಷಯದಲ್ಲಿ ನಮ್ಮ ಹಳ್ಳಿಗಳು ಯುರೋಪಿನ ನಗರಗಳಿಗಿಂತ ಹಿಂದಿರಲಿಲ್ಲ.

ಎರಡನೆಯದು ಬೀದಿ ಕಲೆಯ ಅಭಿಮಾನಿಗಳದು: ಕೈಬರಹದ ಬೋರ್ಡುಗಳೇ ನಿಜವಾದ ಭಾರತೀಯ ವಿನ್ಯಾಸ, ಅವನ್ನು ಕಾಪಾಡಬೇಕು. ದಿಲ್ಲಿಯ ಹನೀಫ್ ಕುರೇಶಿ ಬೀದಿ ಪೇಂಟರುಗಳ ಅಕ್ಷರಗಳನ್ನು ಡಿಜಿಟಲ್ ಫಾಂಟುಗಳಾಗಿ ಮಾಡಿದ್ದು ದೊಡ್ಡ ಕೆಲಸ. ಆದರೆ ಆ ಪ್ರೀತಿ ಹೆಚ್ಚಾಗಿ ಅಲಂಕಾರದ ಮೇಲೆ, ಅಂದರೆ ಬಣ್ಣದ ಶೇಡು, ಬಾಗು-ಬಳುಕಿನ ಮೇಲೆ. ಮುದ್ದೇಬಿಹಾಳದ ಒತ್ತನ್ನು ಎಲ್ಲಿ ಇಟ್ಟರು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಪೇಂಟರುಗಳಿಂದ ನಾವು ಪಡೆಯಬೇಕಾದದ್ದು ಅವರ ಶೃಂಗಾರಕ್ಕಿಂತ ಹೆಚ್ಚಾಗಿ ಅವರ ಲೆಕ್ಕ.

ಮೂರನೆಯದು, ತಂತ್ರಜ್ಞಾನ ಬಂದಿದೆ, ಸಮಸ್ಯೆ ತಾನಾಗಿ ತೀರುತ್ತದೆ ಎಂಬುದು. ಇದರಲ್ಲಿ ಅರ್ಧ ಸತ್ಯವಿದೆ. ‘ನೋಟೊ ಸಾನ್ಸ್ ಕನ್ನಡ’, ಏಕ್ ಟೈಪ್ ತಂಡದ ‘ಬಾಲೂ ತಮ್ಮ’ ಮತ್ತು ‘ಅನೇಕ್ ಕನ್ನಡ’, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ‘ಅಕಾಯಾ ಕನ್ನಡಕ’ ಈಗ ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಅಕ್ಷರಗಳು. ‘ಅನೇಕ್’ನಲ್ಲಿ ದಪ್ಪವೂ ಅಗಲವೂ ಬೇಕಾದಂತೆ ಹೊಂದುತ್ತವೆ, ಇಕ್ಕಟ್ಟಿನ ಜಾಗಕ್ಕೆ ಅಕ್ಷರವನ್ನು ಅಮುಕಬೇಕಿಲ್ಲ, ಇಕ್ಕಟ್ಟಿಗೆಂದೇ ಮಾಡಿದ ಬಗೆ ಇದೆ. ಫ್ರುಟಿಗರ್ 1957ರಲ್ಲಿ ಲ್ಯಾಟಿನ್ ಲಿಪಿಗೆ ಕೊಟ್ಟದ್ದು ಆರು ದಶಕ ದಾಟಿದ ಮೇಲೆ ಕನ್ನಡಕ್ಕೆ ಸಿಕ್ಕಿದೆ. ಆದರೆ ಸಿಕ್ಕ ಮಾತ್ರಕ್ಕೆ ಬಳಕೆಗೆ ಬರುವುದಿಲ್ಲ. ಹಳೆಯ ನುಡಿ ಫಾಂಟುಗಳಿಗೆ ಒಗ್ಗಿದ ಡಿಟಿಪಿ ಅಂಗಡಿಯವನಿಗೆ ಯೂನಿಕೋಡ್ ಅಕ್ಷರ ಹಳೆಯ ಸಾಫ್ಟ್‌ವೇರಿನಲ್ಲಿ ಒಡೆದು ಬರುತ್ತದೆ. ಮುಹೂರ್ತ ಮೀರುವ ಮೊದಲು ಲಗ್ನಪತ್ರಿಕೆ ಕೊಡಬೇಕಾದವನು ಪ್ರಯೋಗಕ್ಕೆ ಇಳಿಯುವುದಿಲ್ಲ.

ಮುಂದಿನ ಕೆಲಸ

2024ರ ತಿದ್ದುಪಡಿಯ ಪ್ರಕಾರ ಕರ್ನಾಟಕದ ನಾಮಫಲಕಗಳಲ್ಲಿ ಶೇ. 60ರಷ್ಟು ಕನ್ನಡವಿರಬೇಕು, ಅದೂ ಮೇಲಿನ ಅರ್ಧದಲ್ಲಿ. ಮರಾಠಿಯ ನೆರೆಯಲ್ಲಿರುವ ಇಂಡಿ, ಚಡಚಣದ ಕಡೆಗೆ ಈ ಕಾನೂನಿಗೆ ಬೇರೆಯದೇ ತೂಕವಿದೆ. ಆದರೆ ಕಾನೂನು ಅಳೆಯುವುದು ಜಾಗವನ್ನು, ಓದಿಸಿಕೊಳ್ಳುವ ಗುಣವನ್ನಲ್ಲ. ಶೇ. 60ರಷ್ಟು ಜಾಗದಲ್ಲಿ ಎಳೆದು ಊದಿಸಿದ ಕನ್ನಡ, ಉಳಿದ ಜಾಗದಲ್ಲಿ ಅಚ್ಚುಕಟ್ಟಾದ ಇಂಗ್ಲಿಷ್ ಇದ್ದರೆ ಕಣ್ಣು ಹೋಗುವುದು ಇಂಗ್ಲಿಷಿನ ಕಡೆಗೇ.

ಪುರಸಭೆ, ತಾಲ್ಲೂಕು ಪಂಚಾಯಿತಿ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕಗಳು ತಮ್ಮ ಬೋರ್ಡುಗಳಿಗೆ ಒಂದೆರಡು ಅಕ್ಷರ ಕುಟುಂಬ ಗೊತ್ತುಮಾಡಿ, ಒತ್ತಿಗೆ ಎಷ್ಟು ಜಾಗ, ಎಷ್ಟು ದೂರದಿಂದ ಓದಬೇಕು ಎಂದು ಒಂದು ಪುಟದ ನಿಯಮ ಬರೆದರೆ ಸಾಕು. ಅದಕ್ಕೆ ವಿದೇಶಿ ತಜ್ಞರು ಬೇಕಾಗಿಲ್ಲ. ಇನ್ನೂ ಬದುಕಿರುವ ಹಿರಿಯ ಪೇಂಟರುಗಳನ್ನು ಕೂರಿಸಿಕೊಂಡು ಡ್ರಾಯಿಂಗ್ ಮಾಸ್ತರರೇ ಆ ಪುಟ ಬರೆಯಬಲ್ಲರು. ಹೈಯರ್ ಗ್ರೇಡ್ ಪರೀಕ್ಷೆಗೆ ಕನ್ನಡ ಅಕ್ಷರ ವಿನ್ಯಾಸದ ಒಂದು ಪತ್ರಿಕೆ ಸೇರಿಸಿದರೆ ಅದು ಮುಂದಿನ ತಲೆಮಾರಿಗೂ ದಾಟುತ್ತದೆ.

ಇದರ ಲಾಭ ಬೋರ್ಡಿಗಷ್ಟೇ ನಿಲ್ಲುವುದಿಲ್ಲ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಗುರುತು ಎಂದರೆ ಕಾಗದದ ಮೇಲಿನ ಹಕ್ಕು. ಸಂತೆಯಲ್ಲಿ ಕೊಳ್ಳುವವನು ನೋಡುವುದು ಚೀಲವನ್ನು, ಡಬ್ಬಿಯನ್ನು. ಆಂಧ್ರದ ಲಿಂಬೆಯ ಪಕ್ಕದಲ್ಲಿಟ್ಟಾಗ ಇದು ಇಂಡಿಯದು ಎಂದು ಮೂರು ಮಾರು ದೂರದಿಂದ ತಿಳಿಯಬೇಕಾದರೆ ಒಂದು ಚಿಹ್ನೆ ಬೇಕು, ಅದರ ಜೊತೆ ನಿಲ್ಲುವ ಒಳ್ಳೆಯ ಕನ್ನಡ ಅಕ್ಷರ ಬೇಕು. ಚಿಹ್ನೆ ಮಾಡಿಕೊಡಲು ನೂರು ಜನ ಸಿಗುತ್ತಾರೆ, ಎಪ್ಪತ್ತು ವರ್ಷಗಳಿಂದ ಆ ದಾರಿ ಸವೆದಿದೆ. ಹಣ ಮತ್ತು ಗಮನ ಹೋಗಬೇಕಾದದ್ದು ಅಕ್ಷರದ ಕಡೆಗೆ. ಸರ್ಕಾರ ಓದು ಬಾರದವರಿಗಾಗಿ ಅಂದು ಪಟ್ಟಷ್ಟು ಶ್ರಮವನ್ನು ಓದು ಕಲಿತ ಅವರ ಮೊಮ್ಮಕ್ಕಳಿಗಾಗಿ ಇನ್ನೂ ಪಟ್ಟಿಲ್ಲ; ಈ ತಾಲ್ಲೂಕುಗಳಲ್ಲಿ ಆಧುನಿಕ ವಿನ್ಯಾಸದ ಬಾಕಿ ಲೆಕ್ಕ ಅದೇ.